ಅಮ್ಮನ ಸಕ್ಕರೆ, ನನ್ನ ಕೈ

ನಾನು ಕಲಿಸುವ ವಿಷಯಕ್ಕೆ ಕಂಟ್ರೋಲ್ ಥಿಯರಿ ಎಂದು ಹೆಸರು. ಕನ್ನಡದಲ್ಲಿ ನಿಯಂತ್ರಣ ಸಿದ್ಧಾಂತ ಎನ್ನಬಹುದು. ಹಾಗೆ ಅಂದಾಗಲೆಲ್ಲ ನನ್ನ ಹೆಂಡತಿ ನಗುತ್ತಾಳೆ. ಗೇಟಿನವರೆಗೆ ಹೋಗಿ, ಗ್ಯಾಸ್ ಬಂದ್ ಮಾಡಿದ್ದೇವೋ ಇಲ್ಲವೋ ಎಂದು ವಾಪಸು ಬಂದು, ಬಂದ್ ಆಗಿರುವುದನ್ನು ನೋಡಿ, ಪುನಃ ಗೇಟಿನವರೆಗೆ ಹೋಗಿ, ನೋಡಿದ್ದನ್ನು ಸರಿಯಾಗಿ ನೋಡಿದ್ದೇನೆಯೇ ಎಂದು ಅಲ್ಲೇ ನಿಲ್ಲುವ ಮನುಷ್ಯ ಮಕ್ಕಳಿಗೆ ನಿಯಂತ್ರಣ ಕಲಿಸಿ ಸಂಬಳ ತರುತ್ತಾನೆ ಎಂಬುದು ಅವಳ ಮಟ್ಟಿಗೆ ಇವತ್ತಿಗೂ ಹಳತಾಗದ ತಮಾಷೆ.

ವಿಷಯ ಹೇಳಲಿಕ್ಕೆ ಸುಲಭ. ಯಾವುದೋ ಒಂದು ವಸ್ತು ನಮಗೆ ಬೇಕಾದ ಸ್ಥಿತಿಯಲ್ಲಿ ಇರಬೇಕು. ಈಗ ಎಲ್ಲಿದೆ ಎಂದು ಅಳೆಯುತ್ತೇವೆ, ಬೇಕಾದ ಜಾಗದಿಂದ ಎಷ್ಟು ದೂರ ಇದೆ ಎಂದು ನೋಡುತ್ತೇವೆ, ಅದಕ್ಕೆ ತಕ್ಕಂತೆ ಕೈ ಹಾಕುತ್ತೇವೆ. ಎಷ್ಟು ಕೈ ಹಾಕಬೇಕು, ಯಾವಾಗ ಹಾಕಬೇಕು, ಹಾಕಿದ ಮೇಲೆ ಎಷ್ಟು ಹೊತ್ತು ಸುಮ್ಮನಿರಬೇಕು ಎಂಬುದರಲ್ಲಿ ಇಡೀ ಶಾಸ್ತ್ರ ಇದೆ. ಹಾಕಿದ ಕೈಯ ಫಲ ಕಾಣುವ ಮೊದಲೇ ಇನ್ನೊಮ್ಮೆ ಕೈ ಹಾಕಿದರೆ ವಸ್ತು ಆ ಕಡೆಗೂ ಈ ಕಡೆಗೂ ತೂಗಾಡಲು ತೊಡಗುತ್ತದೆ. ಇದನ್ನು ನಾನು ಪ್ರತಿ ವರ್ಷ ಮೊದಲ ವಾರವೇ ಬೋರ್ಡಿನ ಮೇಲೆ ಬಿಡಿಸಿ, ನನ್ನ ಚಿತ್ರಕ್ಕೆ ನಾನೇ ಸ್ವಲ್ಪ ಮರುಳಾಗಿ, ಚಾಕ್‌ಪೀಸಿನ ಧೂಳು ಕೊಡವಿಕೊಂಡು ಹೊರಗೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ ನನಗೆ ಒಂದು ಹುರುಪು ಬಂತು. ಈ ಶಾಸ್ತ್ರ ಮೋಟಾರು, ಬಾಯ್ಲರುಗಳಲ್ಲೇ ಯಾಕೆ ಕೊಳೆಯಬೇಕು? ಎಂ.ಟೆಕ್. ಮಕ್ಕಳಿಗೆ ಒಂದು ಐಚ್ಛಿಕ ಪಾಠ ಶುರು ಮಾಡಿದೆ. ಪರೀಕ್ಷೆ ಕಡಿಮೆ, ಪ್ರಾಜೆಕ್ಟು ಹೆಚ್ಚು. ನಿಯಮ ಎರಡೇ: ಪ್ರತಿ ಪ್ರಾಜೆಕ್ಟಿನಲ್ಲಿ ನಮ್ಮ ವಿಭಾಗದ ಒಬ್ಬರ ಜೊತೆ ಬೇರೆಯೇ ವಿಷಯ ಓದುವ ಒಬ್ಬರು ಇರಬೇಕು, ಮತ್ತು ವಿಷಯ ಯಂತ್ರ ಆಗಿರಬಾರದು. ಸಿಟಿ ಬಸ್ಸುಗಳು ಬಹಳ ಹೊತ್ತು ಬಾರದೆ ಕೊನೆಗೆ ಒಂದರ ಹಿಂದೆ ಒಂದು ಅಂಟಿಕೊಂಡು ಯಾಕೆ ಬರುತ್ತವೆ ಎಂದು ಒಂದು ಜೋಡಿ ಲೆಕ್ಕ ಹಾಕಿತು. ಮದುವೆ ಮಂಟಪದ ಅಡುಗೆಮನೆಗೆ ಊಟದ ಪಂಕ್ತಿಯಿಂದ ಸುದ್ದಿ ತಡವಾಗಿ ಬರುವುದರಿಂದ ಅನ್ನ ಹೇಗೆ ಒಮ್ಮೆ ಮಿಕ್ಕುತ್ತದೆ, ಒಮ್ಮೆ ಮುಗಿಯುತ್ತದೆ ಎಂದು ಇನ್ನೊಂದು ಜೋಡಿ ಬರೆಯಿತು. ಅವರು ದುಡಿದರು, ನಾನು ಸೆಮಿನಾರುಗಳಲ್ಲಿ ಹೇಳಿಕೊಂಡು ತಿರುಗಿದೆ.

ಈ ವರ್ಷ ಬಂದ ಜೋಡಿಯಲ್ಲಿ ಹುಡುಗ ನಮ್ಮವನು. ಬೈಕಂಪಾಡಿಯ ಒಂದು ಶೀತಲಗೃಹದಲ್ಲಿ ಉಷ್ಣತೆ ನೋಡಿಕೊಳ್ಳುವ ಕೆಲಸ ಸ್ವಲ್ಪ ಕಾಲ ಮಾಡಿ, ಮತ್ತೆ ಓದಲು ಬಂದವನು. ಮಾತು ಕಡಿಮೆ. ಹುಡುಗಿ ಇಲ್ಲೇ ಮಂಗಳೂರಿನ ಇನ್ನೊಂದು ಕಾಲೇಜಿನಲ್ಲಿ ಆಹಾರ ವಿಜ್ಞಾನದ ಎಂ.ಎಸ್ಸಿ. ಓದುತ್ತಿದ್ದಳು. ಬಿಕರ್ನಕಟ್ಟೆಯಿಂದ ಸ್ಕೂಟರಿನಲ್ಲಿ ಬರುತ್ತಿದ್ದಳು. ಗುರುವಾರ ಮಾತ್ರ ತಡ, ಅಲ್ಲಿನ ಚರ್ಚಿನ ಪುಣ್ಯಕ್ಷೇತ್ರಕ್ಕೆ ಬರುವ ಜನ ಆ ದಿನ ರಸ್ತೆ ತುಂಬ ಇರುತ್ತಾರೆ ಎಂದು. ಸಕ್ಕರೆ ಕಾಯಿಲೆಯವರ ಸಕ್ಕರೆ ಮನೆಯಲ್ಲಿ ಯಾಕೆ ಒಂದು ಹದದಲ್ಲಿ ನಿಲ್ಲುವುದಿಲ್ಲ ಎಂಬುದು ಅವರ ಪ್ರಶ್ನೆ. ಅದಕ್ಕೆ ಒಂದು ಮನೆ ಬೇಕಿತ್ತು.

"ನಮ್ಮ ಮನೆಯಲ್ಲೇ ಮಾಡಿ," ಎಂದೆ. "ನನ್ನ ತಾಯಿ ಇದ್ದಾರಲ್ಲ."

ಇಬ್ಬರೂ ಥ್ಯಾಂಕ್ಸ್ ಹೇಳಿದರು. ಔದಾರ್ಯ ಎಂದುಕೊಂಡರೋ ಏನೋ. ನಿಜ ಸಂಗತಿ ಬೇರೆ. ಅಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಶನ್ನಿಗೆಂದು ಹೋಗಿ ಎರಡು ಸಲ ವಾಪಸು ಬಂದಿದ್ದೆವು, ಎರಡು ಸಲವೂ ಸಕ್ಕರೆ ಜಾಸ್ತಿ ಎಂದು. "ಇವತ್ತು ಆಗುದಿಲ್ಲ ಅಮ್ಮ," ಎಂದು ಕಣ್ಣಿನ ಡಾಕ್ಟರಮ್ಮ ಅಮ್ಮನಿಗೆ ಹೇಳಿ, ನನ್ನ ಕಡೆ ತಿರುಗಿ, "ಫಿಸಿಶಿಯನ್ ಹತ್ರ ತೋರಿಸಿ. ಶುಗರ್ ಒಂದು ಲೆವೆಲಿಗೆ ಬರ್ಲಿ. ಹೀಗೆ ಮೇಲೆ ಕೆಳಗೆ ಹೋಗ್ತಾ ಇದ್ರೆ ನಾನು ಕೈ ಹಾಕುದಿಲ್ಲ," ಎಂದಿದ್ದರು.

ಅಮ್ಮನಿಗೆ ಆ ಕಣ್ಣು ಬೇಕಿದ್ದುದು ಯಾವ ದೊಡ್ಡ ಕಾರಣಕ್ಕೂ ಅಲ್ಲ. ನಮ್ಮದು ಮಣ್ಣಗುಡ್ಡ, ಮೀನು ಮಾರುವವಳು ಗೇಟಿಗೇ ಬರುತ್ತಾಳೆ. ಬಂಗುಡೆಯ ಕಿವಿರು ಎತ್ತಿ, ಒಳಗಿನ ಕೆಂಪು ನೋಡಿ, ಬೇಡ ಎಂದು ಬುಟ್ಟಿಗೆ ಹಾಕಿ, ಪುನಃ ಇನ್ನೊಂದು ಎತ್ತಿ, ಹಾಗೆ ಅರ್ಧ ಬುಟ್ಟಿ ಬುಡಮೇಲು ಮಾಡಿ ಬೈಸಿಕೊಳ್ಳುವುದು ಅಮ್ಮನ ದಿನದ ಮುಖ್ಯ ಕಾರ್ಯಕ್ರಮ ಆಗಿತ್ತು. ಈಗ ಕಿವಿರು ಎತ್ತಿದರೆ ಎಲ್ಲ ಒಂದೇ ಮಂಜು. ಬೆರಳಿನಲ್ಲಿ ಒತ್ತಿ ನೋಡಿ ತೆಗೆದುಕೊಂಡರೂ, "ಅವಳು ಇವತ್ತು ನನ್ನ ಹತ್ರ ಜಗಳ ಮಾಡ್ಲಿಲ್ಲ. ಪಾಪ ಅಂತ ಬಿಟ್ಟದ್ದು," ಎಂದು ಊಟದ ತನಕ ಮಂಕಾಗಿರುತ್ತಿದ್ದರು.

(ಮನೆಯಲ್ಲಿ ನಮ್ಮ ಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಮ್ಮನ ಮಾತಿನ ಖಾರ ಸ್ವಲ್ಪ ಇಳಿದಂತೆ ಕಂಡರೆ ತಪ್ಪು ಅಮ್ಮನದಲ್ಲ.)

ಹುಡುಗಿ ಬಂದು ಅಮ್ಮನ ತೋಳಿಗೆ ಒಂದು ಬಿಲ್ಲೆ ಅಂಟಿಸಿದಳು. ನಾಣ್ಯದಷ್ಟು ದೊಡ್ಡದು. ಅದು ಮೈಯೊಳಗಿನ ಸಕ್ಕರೆಯನ್ನು ಬಿಟ್ಟೂಬಿಡದೆ ಅಳೆದು ಫೋನಿಗೆ ಕಳಿಸುತ್ತದೆ: ನನ್ನ ಫೋನಿಗೆ ಒಮ್ಮೆ, ಮಕ್ಕಳ ಕಂಪ್ಯೂಟರಿಗೆ ಒಮ್ಮೆ. "ಅಜ್ಜಿ, ನೋಯ್ತದಾ?" ಎಂದು ಕೇಳಿದಳು. "ಇಲ್ಲ ಮಗಾ. ಹೆಸರು ಬರೆದು ಅಂಟಿಸಿದ ಹಾಗೆ ಉಂಟು. ಕಳೆದು ಹೋದ್ರೆ ಯಾರಾದ್ರೂ ತಂದು ಕೊಡ್ತಾರೆ," ಎಂದರು ಅಮ್ಮ.

ಮೊದಲ ಕೆಲವು ದಿನ ಯಾರೂ ಏನೂ ಮಾಡಬಾರದು ಎಂಬುದು ಒಪ್ಪಂದ. ಡಾಕ್ಟರು ಕೊಟ್ಟ ಮಾತ್ರೆ, ಹೊತ್ತಿಗೆ ಸರಿಯಾಗಿ ಊಟ, ಅಷ್ಟೇ. ಯಾರೂ ಕೈ ಹಾಕದಿದ್ದರೆ ದೇಹ ತನ್ನಷ್ಟಕ್ಕೆ ಹೇಗೆ ನಡೆಯುತ್ತದೆ ಎಂದು ಮೊದಲು ತಿಳಿಯಬೇಕು. ಹೆಚ್ಚುಕಡಿಮೆ ಏನು ತಿಂದರೂ ವಾಟ್ಸ್ಯಾಪ್ ಗುಂಪಿಗೆ ಒಂದು ಧ್ವನಿ ಸಂದೇಶ ಹಾಕಬೇಕು. ಈ ಕ್ರಮವನ್ನು ಮಕ್ಕಳು ನನ್ನಿಂದಲೇ ಕಲಿತದ್ದು. ಗೈಡ್ ಎಂದು ಸಹಿ ಹಾಕಿದವನೂ ನಾನೇ.

ಚಿಂತೆ ಮಾಡುವವನ ಜೇಬಿಗೆ ಕ್ಷಣಕ್ಷಣವೂ ಬದಲಾಗುವ ಒಂದು ಅಂಕೆ ಹಾಕಿ ಕೊಟ್ಟರೆ ಏನಾಗುತ್ತದೆ ಎಂದು ಯಾರೂ ಯೋಚಿಸಲಿಲ್ಲ, ನಾನು ಕೂಡ.

ಮೊದಲ ದಿನ ಮಧ್ಯಾಹ್ನದ ಮೇಲೆ ಅಂಕೆ ಇಳಿಯಲು ತೊಡಗಿತು. ಅಪಾಯದ ಗೆರೆ ಇನ್ನೂ ಎಷ್ಟೋ ಕೆಳಗಿತ್ತು. ಆದರೆ ಬಾಣದ ಗುರುತು ಕೆಳಮುಖವಾಗಿತ್ತು. ಕೆಳಮುಖದ ಬಾಣ ನೋಡಿ ಸುಮ್ಮನಿರುವ ಶಕ್ತಿ ನನ್ನಲ್ಲಿ ಇಲ್ಲ. ಪಾಠದ ನಡುವೆ, "ಒಂದು ನಿಮಿಷ," ಎಂದು ಮಕ್ಕಳಿಗೆ ಹೇಳಿ ಕಾರಿಡಾರಿಗೆ ಬಂದು ಫೋನ್ ಮಾಡಿದೆ.

"ಅಮ್ಮ, ತಲೆ ತಿರುಗ್ತಾ ಉಂಟಾ?"

"ಇಲ್ಲ. ಯಾಕೆ?"

"ಸ್ವಲ್ಪ ಬೆಲ್ಲ ತಿನ್ನಿ. ಒಂದು ಬಾಳೆಹಣ್ಣೂ ತಿನ್ನಿ."

"ಆ ಹುಡುಗಿ ಎಂತದೂ ತಿನ್ನಬಾರ್ದು ಅಂತ ಹೇಳಿದ್ದಾಳಲ್ಲ."

"ಸ್ವಲ್ಪ ಅಲ್ವಾ ಅಮ್ಮ. ಅದು ಲೆಕ್ಕಕ್ಕಿಲ್ಲ."

ಕಣ್ಣು ಕಾಣದ ಹೆಂಗಸು ಅಡುಗೆಮನೆಗೆ ಹೋಗಿ, ಡಬ್ಬಗಳನ್ನು ತಡವಿ, ಬೆಲ್ಲ ಹುಡುಕಿ ತಿಂದರು. ಮಗ ಹೇಳಿದ ಎಂದು. ನಾನು ಪಾಠ ಮುಗಿಸಿ ಮನೆಗೆ ಬರುವಾಗ ಅಂಕೆ ಜರ್ರನೆ ಏರುತ್ತಿತ್ತು. ಮೇಲ್ಮುಖದ ಬಾಣ ಇನ್ನೂ ಕೆಟ್ಟದ್ದು; ಅದರ ತುದಿಯಲ್ಲಿ ಕಣ್ಣಿನ ಡಾಕ್ಟರಮ್ಮ ನಿಂತಿದ್ದಾರೆ. "ಅಮ್ಮ, ಇವತ್ತು ರಾತ್ರಿ ಗಂಜಿ ಬೇಡ. ಬರೀ ಪಲ್ಯ ತಿನ್ನಿ. ಟೆರೇಸಿನಲ್ಲಿ ಸ್ವಲ್ಪ ನಡೆಯುವ," ಎಂದು ಕೈ ಹಿಡಿದು ಸುತ್ತು ಹಾಕಿಸಿದೆ. ಬೆಳಿಗ್ಗೆ ಅಂಕೆ ಇಳಿದಿತ್ತು. ಹಾರ್ಲಿಕ್ಸಿಗೆ ಸಕ್ಕರೆ ಹಾಕಿದೆ.

ಮರುದಿನವೂ ಹಾಗೆ. ಅದರ ಮರುದಿನವೂ.

ಹುಡುಗಿಯ ಪ್ರಶ್ನೆ ಗುಂಪಿನಲ್ಲಿ ಬಂತು. ನಾಲ್ಕು ಗಂಟೆಯ ಸುಮಾರಿಗೆ ಗ್ರಾಫಿನಲ್ಲಿ ದೊಡ್ಡ ಗುಡ್ಡ ಕಾಣುತ್ತಿದೆ, ಅಜ್ಜಿ ಏನಾದರೂ ತಿಂದರೇ? ಒಪ್ಪಂದ ಮುರಿದದ್ದು ನಾನು ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಗೆ ಹೇಳುವುದು? ಚಾವಡಿಗೆ ಬಂದು ಫೋನ್ ಬಾಯಿಯ ಹತ್ತಿರ ಹಿಡಿದು, ಸಾಧ್ಯವಾದಷ್ಟು ಸಲೀಸಾಗಿ ಹೇಳಿದೆ:

"ಪಕ್ಕದ ಮನೆಯವರು ಎಂತಾದ್ರೂ ತಂದು ಕೊಟ್ಟಿರ್ಬೇಕು. ಅಮ್ಮನಿಗೆ ಬಾಯಿ ಕಟ್ಟುದು ಸ್ವಲ್ಪ ಕಷ್ಟ. ಹಳೆಯವರಲ್ವಾ, ಗೊತ್ತುಂಟಲ್ಲ ನಿಮಗೆ. ನೀವು ಅದನ್ನು ಡಿಸ್ಟರ್ಬೆನ್ಸ್ ಅಂತ ಹಾಕಿಬಿಡಿ."

ನಮ್ಮ ಶಾಸ್ತ್ರದಲ್ಲಿ ಡಿಸ್ಟರ್ಬೆನ್ಸ್ ಎಂದರೆ ಹೊರಗಿನಿಂದ ಬಂದು ಬೀಳುವ ಅಡ್ಡಿ. ನಡೆಯುವವನಿಗೆ ಗಾಳಿ ನೂಕಿದ ಹಾಗೆ. ಅದರ ಮೇಲೆ ಯಾರ ಜವಾಬ್ದಾರಿಯೂ ಇರುವುದಿಲ್ಲ. ನಾನು ಅಮ್ಮನನ್ನು ಆ ಜಾಗದಲ್ಲಿ ಇಟ್ಟೆ.

ಎರಡು ದಿನ ಬಿಟ್ಟು ಹುಡುಗಿ ಬಂದು ಅಮ್ಮನ ಪಕ್ಕದಲ್ಲಿ ಕುಳಿತು ಮೆಲ್ಲಗೆ ಕೇಳಿದಳು: "ಅಜ್ಜಿ, ಸಂಜೆ ಹೊತ್ತಿಗೆ ಸಿಹಿ ತಿಂತೀರಾ? ಬೈಯುದಿಲ್ಲ, ಹೇಳಿ." ನಾನು ಪೇಪರ್ ಹಿಡಿದುಕೊಂಡು ಎದುರಿಗೇ ಕುಳಿತಿದ್ದೆ. ಅಮ್ಮ ಪೇಪರಿನ ಸದ್ದು ಬಂದ ಕಡೆಗೆ ಮುಖ ತಿರುಗಿಸಿದರು.

"ಹೌದು ಮಗಾ, ತಿಂದೆ. ಬಾಯಿ ಕೇಳುದಿಲ್ಲ."

ಅಲ್ಲಿಗಾದರೂ ನಾನು ಬಾಯಿ ಬಿಡಬೇಕಿತ್ತು. ಬಿಟ್ಟೆ. "ಎಂತ ಅಮ್ಮ ಇದು, ಮಕ್ಕಳ ಪ್ರಾಜೆಕ್ಟು ಹಾಳಾಗ್ತದೆ," ಎಂದೆ.

ಈಗ ಇದನ್ನು ಬರೆಯುವಾಗಲೂ ಕುರ್ಚಿಯಲ್ಲಿ ಸರಿಯಾಗಿ ಕೂರಲಾಗುವುದಿಲ್ಲ. ಅದಕ್ಕಿಂತ ನಾಚಿಕೆಯ ಸಂಗತಿ ಎಂದರೆ, ಅಮ್ಮ ಒಪ್ಪಿಕೊಂಡ ಮೇಲೆ ನನಗೇ ಅದು ಸ್ವಲ್ಪ ಸ್ವಲ್ಪ ನಿಜ ಅನ್ನಿಸತೊಡಗಿತು. ನಾನು ಕೊಟ್ಟ ಬೆಲ್ಲಕ್ಕೆ ಇಷ್ಟು ದೊಡ್ಡ ಗುಡ್ಡ ಬರುವುದಿಲ್ಲ, ಇವರು ಬೇರೆಯೂ ತಿಂದಿರಬೇಕು ಎಂದು ಲೆಕ್ಕ ಹಾಕಿದೆ. ಹೆಂಡತಿ ತಂದಿದ್ದ ಲಡ್ಡಿನ ಡಬ್ಬವನ್ನು ಕಪಾಟಿನ ಮೇಲ್ಗಡೆ ಇಡಿಸಿದೆ. "ಅತ್ತೆ ಅದನ್ನು ಮುಟ್ಟಲೇ ಇಲ್ಲ," ಎಂದಳು ಅವಳು. "ನಾನು ಎಣಿಸಿದ್ದೇನೆ, ತಿಂದದ್ದೆಲ್ಲ ನೀವು."

ಪ್ರಾಜೆಕ್ಟ್ ವರದಿಯ ಕರಡು ತಯಾರಾಯಿತು. ಒಂದು ಪ್ರತಿ ಫಿಸಿಶಿಯನ್ ಡಾಕ್ಟರಿಗೆ ಹೋಗಬೇಕು. ಅದನ್ನು ನೋಡಿ ಅವರು ಔಷಧ ನಿರ್ಧರಿಸಿ, ಕಣ್ಣಿನ ಆಪರೇಶನ್ನಿಗೆ ಒಪ್ಪಿಗೆ ಕೊಡಬೇಕು. ಮಕ್ಕಳಿಬ್ಬರೂ ನನ್ನ ಕೋಣೆಗೆ ಬಂದರು. ಹುಡುಗ ಬಾಗಿಲು ಹಾಕಿದ. ಬಾಗಿಲು ಹಾಕುವ ಅಭ್ಯಾಸದ ಹುಡುಗ ಅಲ್ಲ ಅವನು. ಮೇಜಿನ ಮೇಲೆ ಎರಡು ಗ್ರಾಫ್ ಹರಡಿದ.

"ಸರ್, ಇದು ಡಿಸ್ಟರ್ಬೆನ್ಸ್ ಅಲ್ಲ."

"ಮತ್ತೆಂತ?"

"ಡಿಸ್ಟರ್ಬೆನ್ಸ್ ಆದ್ರೆ ಅದಕ್ಕೆ ಕಣ್ಣಿಲ್ಲ ಅಲ್ವಾ ಸರ್. ಯಾವಾಗ ಬೇಕಾದ್ರೂ ಬರ್ಬೇಕು. ಇದು ನಂಬರ್ ನೋಡಿ ಬರ್ತದೆ. ನಂಬರ್ ಇಳಿಯುವಾಗ ತಿನ್ಲಿಕ್ಕೆ ಕೊಡ್ತದೆ. ಏರುವಾಗ ಊಟ ಕಟ್ ಮಾಡ್ತದೆ. ಪ್ರತಿ ಸಲ."

"ಸೆನ್ಸರ್ ಸರಿ ಉಂಟಾ?"

"ಸರಿ ಉಂಟು ಸರ್. ಚೆಕ್ ಮಾಡಿದೆ."

"ಕೆಲವೊಮ್ಮೆ ಬಿಲ್ಲೆ ಸರಿಯಾಗಿ ಅಂಟದಿದ್ರೆ..."

"ಅಂಟಿದೆ ಸರ್," ಎಂದಳು ಹುಡುಗಿ.

ಹುಡುಗ ಎರಡನೆಯ ಗ್ರಾಫನ್ನು ನನ್ನ ಕಡೆ ತಿರುಗಿಸಿದ. ಅದರಲ್ಲಿ ಗುಡ್ಡವೇ ಇರಲಿಲ್ಲ. ಊಟದ ಹೊತ್ತಿಗೆ ಮೆಲ್ಲನೆ ಏರಿ ಮೆಲ್ಲನೆ ಇಳಿಯುವ, ಸಂಜೆಯ ಸಮುದ್ರದಂಥ ಗೆರೆ. "ಎಲ್ಲ ದಿನ ಹಾಗಲ್ಲ ಸರ್. ಕೆಲವು ದಿನ ಹೀಗೆ ನೀಟಾಗಿ ಉಂಟು." ಅವನು ಮುಂದಿನ ಮಾತನ್ನು ಮೇಜಿಗೆ ಹೇಳಿದ. "ನಿಮಗೆ ಎಕ್ಸಾಮ್ ಡ್ಯೂಟಿ ಇದ್ದ ದಿನ."

ಪರೀಕ್ಷೆಯ ಕೆಲಸಕ್ಕೆ ಹೋಗುವಾಗ ನಾವೆಲ್ಲ ಫೋನನ್ನು ಆಫೀಸಿನಲ್ಲಿ ಕೊಟ್ಟು ಹೋಗಬೇಕು.

ಆದರೂ ನಾನು ಇನ್ನೊಂದು ಪ್ರಯತ್ನ ಮಾಡಿದೆ. ಮುಳುಗುವವನು ಕೂಡ ಇಷ್ಟು ಕೈಕಾಲು ಬಡಿಯಲಿಕ್ಕಿಲ್ಲ. "ಅಮ್ಮನೇ ನಂಬರ್ ನೋಡಿ ತಿಂದಿರಬಹುದಲ್ಲ?"

"ನಾನು ನಿನ್ನೆ ಅಜ್ಜಿಯ ಕೈಗೆ ಫೋನ್ ಕೊಟ್ಟೆ ಸರ್," ಎಂದಳು ಹುಡುಗಿ. "ಎಷ್ಟು ಅಂತ ಓದಿ ಅಂದೆ. 'ಇದೆಂತ ಮಗಾ, ಕನ್ನಡಿಯಾ' ಅಂತ ಕೇಳಿದ್ರು."

ಫ್ಯಾನಿನ ಗಾಳಿಗೆ ಗ್ರಾಫಿನ ಒಂದು ಮೂಲೆ ಎದ್ದು ಬೀಳುತ್ತಿತ್ತು. ನಾನು ಅದರ ಮೇಲೆ ಪೇಪರ್‌ವೇಟ್ ಇಟ್ಟೆ. ಆಗ ಮಾಡಬಹುದಾದ ಕೆಲಸ ಅದೊಂದೇ ಇತ್ತು.

"ನಾನು ಕೆಲವೊಮ್ಮೆ ಒಂದು ಬಾಳೆಹಣ್ಣು ಕೊಟ್ಟಿರಬಹುದು," ಎಂದೆ.

ಇಬ್ಬರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಹುಡುಗ ನನ್ನನ್ನು ಸಮಾಧಾನ ಮಾಡಲಿಕ್ಕೆ ಹೊರಟ. "ಶೀತಲಗೃಹದಲ್ಲೂ ಹೀಗೇ ಆಗ್ತಿತ್ತು ಸರ್. ಹೊಸಬರು ಬಂದ್ರೆ ನಿಮಿಷಕ್ಕೊಮ್ಮೆ ಟೆಂಪರೇಚರಿನ ನಾಬ್ ತಿರುಗಿಸುದು." ಹೊಸಬರು! ನಾನು ಈ ವಿಷಯ ಕಲಿಸಲು ಶುರು ಮಾಡಿದಾಗ ಅವನು ಹುಟ್ಟಿರಲಿಲ್ಲ.

ಹುಡುಗಿ ಮಾತ್ರ ಸಮಾಧಾನಕ್ಕೆ ಬರಲಿಲ್ಲ. "ಸರ್, ಕರಡಿನಲ್ಲಿ ಈಗ ರೋಗಿಯ ಅನಿಯಮಿತ ತಿನಿಸು ಅಂತ ಉಂಟು. ನಿಮ್ಮ ಮೆಸೇಜ್ ಕೇಳಿ ಬರೆದದ್ದು. ಡಾಕ್ಟ್ರು ಅದನ್ನು ಓದಿದ್ರೆ ಮಾತ್ರೆ ಜಾಸ್ತಿ ಮಾಡ್ತಾರೆ. ಮಾತ್ರೆ ಜಾಸ್ತಿ ಆದ್ರೆ ನಂಬರ್ ನಿಜವಾಗಿ ಕೆಳಗೆ ಹೋಗ್ತದೆ. ಆಗ ನೀವು..." ಎಂದು ನಿಲ್ಲಿಸಿದಳು. "ಅಜ್ಜಿಯ ಕಣ್ಣು ಪುನಃ ಹಿಂದೆ ಹೋಗ್ತದೆ ಸರ್."

"ವರದಿ ತಿದ್ದುವ."

"ವರದಿ ನಾವು ತಿದ್ದುತ್ತೇವೆ. ಆದರೆ ಅಜ್ಜಿ ಅಲ್ಲಿ ಹೋಗಿ ನಾನೇ ತಿಂದೆ ಅಂತ ಹೇಳ್ತಾರಲ್ಲ? ಡಾಕ್ಟ್ರ ಹತ್ರ ನೀವೇ ಹೇಳ್ಬೇಕು ಸರ್. ನಾವು ಹೇಳಿದ್ರೆ ಸರಿ ಆಗುದಿಲ್ಲ."

ಹೇಳುತ್ತೇನೆ ಎಂದೆ. ಡಾಕ್ಟರ ಬಳಿಗೆ ಹೋಗುವ ದಿನ ಬರುವವರೆಗೆ, ಹೇಳದೆ ಕಳೆಯುವ ದಾರಿ ಏನಾದರೂ ಇದೆಯೇ ಎಂದು ಪ್ರಾಮಾಣಿಕವಾಗಿ ಹುಡುಕಿದೆ. ಅಮ್ಮನಿಗಾದರೂ ಮೊದಲೇ ಹೇಳಬಹುದಿತ್ತು. ಹೇಳಲಿಲ್ಲ. ಬೆಳಿಗ್ಗೆ ಕಾಫಿಯ ಹೊತ್ತಿಗೆ ಹೇಳುವ ಎಂದುಕೊಂಡರೆ ಆಗ ಹೆಂಡತಿ ಇರುತ್ತಾಳೆ, ಸಂಜೆ ಹೇಳುವ ಎಂದರೆ ಅಮ್ಮ ದೀಪದ ಎದುರು ಕುಳಿತಿರುತ್ತಾರೆ.

ಫಿಸಿಶಿಯನ್ ವಯಸ್ಸಾದ ಮನುಷ್ಯ. ರೋಗಿಗಳನ್ನು ಬೈದೇ ಗುಣಪಡಿಸುತ್ತಾರೆ ಎಂದು ಹೆಸರು. ವರದಿಯನ್ನು ಓದದೆ, ಗ್ರಾಫನ್ನು ಮಾತ್ರ ಕನ್ನಡಕ ಎತ್ತಿ ನೋಡಿ ಅಮ್ಮನ ಕಡೆ ತಿರುಗಿದರು.

"ಎಂತ ಅಮ್ಮ, ಕದ್ದು ತಿನ್ನುದಾ?"

"ಹೌದು ಡಾಕ್ಟ್ರೇ," ಎಂದರು ಅಮ್ಮ, ಒಂದು ಕ್ಷಣವೂ ತಡ ಮಾಡದೆ. "ಇನ್ನು ತಿನ್ನುದಿಲ್ಲ."

"ಎಲ್ಲರೂ ಹಾಗೇ ಹೇಳುದು. ಒಂದು ಮಾತ್ರೆ ಜಾಸ್ತಿ ಬರೀತೇನೆ. ಕಣ್ಣು ಮುಂದಿನ ತಿಂಗಳು ನೋಡುವ."

ಪೆನ್ನು ಕಾಗದಕ್ಕೆ ತಾಗಿತ್ತು. ಅಮ್ಮ ತಲೆ ತಗ್ಗಿಸಿ ಸೀರೆಯ ಅಂಚನ್ನು ಬೆರಳಿನಲ್ಲಿ ಹಿಡಿದು ಕುಳಿತಿದ್ದರು. ಶಾಲೆಯಲ್ಲಿ ಬೇರೆಯವರ ತಪ್ಪಿಗೆ ಬೆಂಚಿನ ಮೇಲೆ ನಿಲ್ಲಿಸಿದ ಮಕ್ಕಳು ಹಾಗೆ ಇರುತ್ತಾರೆ.

"ಡಾಕ್ಟ್ರೇ, ಅದು ನಾನು."

ಅವರು ತಲೆ ಎತ್ತಿದರು. "ನೀವು ಎಂತ? ತಿಂದದ್ದಾ?"

"ತಿನ್ನಿಸಿದ್ದು. ನಂಬರ್ ಇಳಿಯುವಾಗ ಹೆದರಿಕೆ ಆಗಿ..."

"ಎಷ್ಟಕ್ಕೆ ಇಳಿದಿತ್ತು?"

ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿದರು. "ಅದು ಇಳಿದದ್ದಲ್ಲ ಮಾರಾಯ್ರೇ, ಅದು ಸರಿ ಇರುದು! ಮತ್ತೆ ರಾತ್ರಿ ಇಲ್ಲಿ ಊಟ ಬಿಟ್ಟ ಹಾಗೆ ಕಾಣ್ತದೆ?"

"ಅದೂ ನಾನೇ. ಏರಿತ್ತು."

"ನೀವು ತಿನ್ನಿಸಿ ಏರಿಸಿದ್ದು. ಮತ್ತೆ ಉಪವಾಸ ಹಾಕಿ ಇಳಿಸಿದ್ದು. ಇಳಿದ ಕೂಡಲೇ ಪುನಃ ತಿನ್ನಿಸಿದ್ದು." ಅವರು ಬೆರಳಿನಿಂದ ಗ್ರಾಫಿನ ಮೇಲೆ ಹತ್ತಿ ಇಳಿದರು. "ಆಪರೇಶನ್ನಿಗೆ ಹೋಗುವ ದಿನ ಬೆಳಿಗ್ಗೆ ಎಂತ ಕೊಟ್ಟಿದ್ರಿ?"

"ಹಾರ್ಲಿಕ್ಸ್. ಬಾಳೆಹಣ್ಣು. ಎರಡು ಸಲವೂ."

"ನಿಮಗೆ ಎಂತ ಕೆಲಸ?"

"ಕಂಟ್ರೋಲ್ ಥಿಯರಿ ಕಲಿಸ್ತೇನೆ."

ಅವರಿಗೆ ಅದು ಅರ್ಥ ಆಯಿತೋ ಇಲ್ಲವೋ. ಆದರೆ ಬರೆಯಲು ಹೊರಟ ಮಾತ್ರೆಯನ್ನು ಬರೆಯಲಿಲ್ಲ. ಹಳೆಯ ಮಾತ್ರೆಯೇ ಸಾಕು. ಬೆವರಿ ನಡುಗಿದರೆ, ಅಥವಾ ಆ ಬಿಲ್ಲೆಯ ಫೋನು ತಾನಾಗಿ ಕೂಗಿಕೊಂಡರೆ ಮಾತ್ರ ಸಕ್ಕರೆ ಕೊಡಿ. ಉಳಿದಂತೆ ಹೊತ್ತಿಗೆ ಊಟ ಹಾಕಿ, ದೂರ ಇರಿ ಎಂದರು. "ಇವರಿಗೆ ಎಂತದೂ ಆಗುದಿಲ್ಲ. ನಿಮಗೆ ಬೇಕಾದ್ರೆ ಒಂದು ಮಾತ್ರೆ ಕೊಡ್ತೇನೆ," ಎಂದು ಕೊನೆಗೆ ಸೇರಿಸಿದರು. ಅಮ್ಮ ಅಲ್ಲಿಯೇ ನಕ್ಕುಬಿಟ್ಟರು.

ಕಾರಿನಲ್ಲಿ ಮನೆಗೆ ಹೊರಟೆವು. ಸಿಗ್ನಲಿನಲ್ಲಿ ನಿಂತಾಗ ಅಮ್ಮನೇ ಹೇಳಿದರು.

"ನೀನು ಚಾವಡಿಯಲ್ಲಿ ಫೋನಿಗೆ ಹೇಳಿದ್ದು ನನಗೆ ಕೇಳಿತ್ತು."

ಕಣ್ಣು ಮಂಜಾದ ಮನುಷ್ಯರಿಗೆ ಕಿವಿ ಇನ್ನೂ ಚುರುಕಾಗಿರುತ್ತದೆ ಎಂಬುದು ನನ್ನ ಲೆಕ್ಕದಲ್ಲಿ ಇರಲಿಲ್ಲ.

"ಮತ್ತೆ ಆ ಹುಡುಗಿ ಕೇಳುವಾಗ ಯಾಕೆ ಹೌದು ಅಂದ್ರಿ?"

"ಅವಳಿಗೆ ನೀನು ಮೇಷ್ಟ್ರಲ್ವಾ. ನಾನು ಇಲ್ಲ ಅಂದ್ರೆ ನೀನು ಸುಳ್ಳ ಆಗ್ತಿ." ಅಮ್ಮ ಕಿಟಕಿಯ ಕಡೆ ಮುಖ ಮಾಡಿದ್ದರು, ಅಲ್ಲಿ ಅವರಿಗೆ ಏನೂ ಕಾಣುತ್ತಿರಲಿಲ್ಲ. "ನನಗೆ ಎಂತ, ಅಜ್ಜಿ. ಅಜ್ಜಿಯಂದಿರು ತಿಂತಾರೆ ಅಂತ ಅವಳು ಮರೀತಾಳೆ. ಆದ್ರೆ ನೀನು ಅವಳ ಎದುರೇ ನನ್ನನ್ನು ಬೈದದ್ದು ಮಾತ್ರ ಸರಿ ಆಗ್ಲಿಲ್ಲ."

ಹಿಂದಿನ ಬಸ್ಸು ಹಾರ್ನ್ ಹಾಕಿತು. ಸಿಗ್ನಲ್ ಯಾವಾಗಲೋ ಹಸಿರಾಗಿತ್ತು.

ಆ ಸಂಜೆ ಹುಡುಗಿ ಬಂದು ನನ್ನ ಫೋನಿನಿಂದ ಆ ಆ್ಯಪ್ ತೆಗೆದಳು. ಬದಲಿಗೆ ಹೆಂಡತಿಯ ಫೋನಿಗೆ ಹಾಕಿ, ನಿಜವಾದ ಅಪಾಯ ಬಂದರೆ ಮಾತ್ರ ಸದ್ದು ಮಾಡುವ ಹಾಗೆ ಮಾಡಿದಳು. ಪಾಸ್‌ವರ್ಡ್ ನನಗೆ ಹೇಳಬಾರದು ಎಂದು ಅವಳು ಹೇಳಲಿಲ್ಲ, ಹೆಂಡತಿಗೆ ಹೇಳಿಕೊಡಬೇಕಾಗಿರಲಿಲ್ಲ. ನಾನು ಅಮ್ಮನ ಹಣೆ ಮುಟ್ಟಿ ಬೆವರು ಇದೆಯೇ ಎಂದು ನೋಡುವುದನ್ನು ಶುರು ಮಾಡಿದೆ. ಮಂಗಳೂರಿನಲ್ಲಿ ಯಾರ ಹಣೆಯಲ್ಲಿ ಬೆವರು ಇರುವುದಿಲ್ಲ? "ಅತ್ತೆ, ಇನ್ನೊಮ್ಮೆ ಮುಟ್ಟಿದ್ರೆ ಕೈಗೆ ಒಂದು ಕೊಡಿ," ಎಂದು ಹೆಂಡತಿ ಒಳಗಿನಿಂದಲೇ ಕೂಗಿದಳು. ಅಮ್ಮ ನಿಜವಾಗಿಯೂ ಕೊಟ್ಟರು.

ದಿನ ಕಳೆದಂತೆ ಮಕ್ಕಳ ಕಂಪ್ಯೂಟರಿನಲ್ಲಿ ಗೆರೆ ನೀಟಾಗುತ್ತ ಬಂತು. ಹುಡುಗ ಅದನ್ನು ತೋರಿಸುವಾಗ ಆದಷ್ಟು ಸಪ್ಪೆಯಾಗಿ ತೋರಿಸಿದ; ತನ್ನ ಗೆಲುವನ್ನು ನನ್ನ ಎದುರು ಅಡಗಿಸಿಕೊಳ್ಳುವ ಕಷ್ಟ ಅವನದು. ಅಂತಿಮ ಪರಿಶೀಲನೆಗೆ ಹೊರಗಿನಿಂದ ಬಂದ ಪರೀಕ್ಷಕರು ತುಂಬ ಮೆಚ್ಚಿದರು. "ಆರೈಕೆ ಮಾಡುವ ವ್ಯಕ್ತಿಯೇ ತೂಗಾಟಕ್ಕೆ ಕಾರಣ ಅಂತ ತೋರಿಸಿದ್ದು ಒಳ್ಳೆಯದಾಯ್ತು. ಇಂಥವರಿಗೆ ತಿಳಿವಳಿಕೆ ಕೊಡಬೇಕು. ಅವರು ಎಷ್ಟು ಓದಿದ್ದಾರೆ?" ಎಂದು ಕೇಳಿದರು.

ಹುಡುಗ ತೆರೆಯ ಕಡೆ ನೋಡಿದ. "ಓದಿದ್ದಾರೆ ಸರ್," ಎಂದ.

ಡಾಕ್ಟರ ಎದುರು ಹೇಗೋ ಬಂದ ಮಾತು ಅಲ್ಲಿ ಬರಲಿಲ್ಲ. ಎರಡನೆಯ ಸಾಲಿನಲ್ಲಿ ಕುಳಿತು, ತಿಳಿವಳಿಕೆ ಕೊಡಬೇಕಾದ ಜನರ ಬಗ್ಗೆ ನಾನೂ ತಲೆಯಾಡಿಸಿದೆ. ಹುಡುಗಿ ತಿರುಗಿ ಒಮ್ಮೆ ನನ್ನನ್ನು ನೋಡಿ, ಮುಂದಿನ ಚಿತ್ರಕ್ಕೆ ಹೋದಳು. ಇಬ್ಬರಿಗೂ ಒಳ್ಳೆಯ ಅಂಕ ಬಂತು. ವರದಿಯ ಮೊದಲ ಪುಟದಲ್ಲಿ ನನಗೆ ಕೃತಜ್ಞತೆ ಇದೆ, ಮಾರ್ಗದರ್ಶನಕ್ಕಾಗಿ ಎಂದು. ಅದನ್ನು ಓದುವಾಗ ಪುಟ ಬೇಗ ತಿರುಗಿಸುತ್ತೇನೆ.

ಆಪರೇಶನ್ನಿನ ದಿನ ಬೆಳಿಗ್ಗೆ ಅಮ್ಮನಿಗೆ ತಿಂಡಿ ಕೊಟ್ಟದ್ದು ಹೆಂಡತಿ. ನನ್ನನ್ನು ಕಾರು ತೆಗೆದು ಹೊರಗೆ ನಿಲ್ಲಿಸಲು ಕಳಿಸಿದ್ದರು, ನಿಲ್ಲಿಸಿಕೊಂಡು ನಿಂತೆ. ಆಸ್ಪತ್ರೆಯಲ್ಲಿ ಅಮ್ಮನ ಬೆರಳಿಗೆ ಚುಚ್ಚಿದ ನರ್ಸ್ ಬಾಗಿಲಿನಿಂದ ತಲೆ ಹೊರಗೆ ಹಾಕಿ, "ಅಜ್ಜಿಯವರ ಕಡೆಯವರು ಯಾರು? ಶುಗರ್ ಸರಿ ಉಂಟು, ಒಳಗೆ ತಕೊಂಡು ಹೋಗ್ತೇವೆ," ಎಂದಳು. ಎಷ್ಟು ಎಂದು ನಾನು ಕೇಳಲಿಲ್ಲ. ಕೇಳದೆ ಇರುವುದಕ್ಕೆ ಕುರ್ಚಿಯ ಕೈಯನ್ನು ಹಿಡಿದುಕೊಳ್ಳಬೇಕಾಯಿತು.

ಸಂತೋಷ ಆಗಬೇಕಿತ್ತು, ಆಯಿತು ಕೂಡ. ಆದರೆ ಅದರ ಅಡಿಯಲ್ಲಿ ಇನ್ನೊಂದು ಸಂಗತಿ ಕುಳಿತಿತ್ತು. ಇಷ್ಟು ಕಾಲ ಈ ಹೆಂಗಸಿಗೆ ಕಣ್ಣು ಬಾರದಂತೆ ತಡೆದದ್ದು ಸಕ್ಕರೆಯಲ್ಲ, ಹಣೆಬರಹವೂ ಅಲ್ಲ, ನನ್ನ ಅಕ್ಕರೆ. 'ನಾನಿಲ್ಲದಿದ್ದರೆ ಅಮ್ಮನ ಗತಿ ಏನು' ಎಂದು ನಾನು ಎಷ್ಟೋ ಜನರ ಹತ್ತಿರ ಹೇಳಿಕೊಂಡಿದ್ದೆ. ನಾನಿಲ್ಲದಿದ್ದಾಗ ಅಮ್ಮನ ಗತಿ ಏನು ಎಂಬುದನ್ನು ಈಗ ಮಕ್ಕಳು ಗ್ರಾಫ್ ಹಾಕಿ ತೋರಿಸಿದ್ದರು. ಚೆನ್ನಾಗಿಯೇ ಇತ್ತು.

ಒಂದು ಕಣ್ಣಿಗೆ ಪಟ್ಟಿ ಹಾಕಿದ ಅಮ್ಮನನ್ನು ಗಾಲಿಕುರ್ಚಿಯಲ್ಲಿ ಹೊರಗೆ ತಂದರು. ಹೆಂಡತಿ ಮದ್ದಿನ ಚೀಟಿ ಹಿಡಿದು ಕೆಳಗೆ ಹೋದಳು. ನಾನು ಹತ್ತಿರ ಹೋಗಿ ನಿಂತೆ, ಹಣೆ ಮುಟ್ಟಲಿಲ್ಲ.

"ನೀನು ಬೆಳಿಗ್ಗೆಯಿಂದ ಎಂತಾದ್ರೂ ತಿಂದಿಯಾ?" ಎಂದು ಕೇಳಿದರು.

"ತಿಂದೆ ಅಮ್ಮ."

ಅಮ್ಮ ಪಟ್ಟಿ ಇಲ್ಲದ ಕಣ್ಣನ್ನು, ಇನ್ನೂ ಮಂಜಾಗಿರುವುದನ್ನು, ನನ್ನ ಕಡೆ ತಿರುಗಿಸಿದರು. ಗಾಲಿಕುರ್ಚಿ ಹಿಡಿದಿದ್ದ ನರ್ಸ್ ಲಿಫ್ಟಿನ ಗುಂಡಿ ಒತ್ತಿದಳು.

"ಇಲ್ಲ," ಎಂದೆ. "ತಿನ್ಲಿಲ್ಲ."